ಕಾಸಿಮಿರ್ ಫಜಾನ್ಸ್

ಲೋಹವು ಆಮ್ಲಜನಕದೊಡನೆ ಕೂಡಿದರೆ ಅಲ್ಲಿರುವುದು ಅಯಾನಿಕ ಬಂಧವೇ ಎಂದು ನಾನು ಬಹುಕಾಲ ನಂಬಿದ್ದೆನು. ಮ್ಯಾಂಗನೀಸಿನ ಎರಡು ಆಕ್ಸೈಡುಗಳು ಆ ನಂಬಿಕೆಯನ್ನು ಕೆಡಿಸಿದವು. ಮಾನಾಕ್ಸೈಡು 1,600 ಡಿಗ್ರಿ ಸೆಂಟಿಗ್ರೇಡಿಗೂ ಕರಗದ ಘನವಸ್ತು. ಹೆಪ್ಟಾಕ್ಸೈಡಾದರೋ ಕೋಣೆಯ ಉಷ್ಣತೆಯಲ್ಲೇ ಎಣ್ಣೆಯಂತಹ ದ್ರವ. ಲೋಹ ಒಂದೇ, ಗುಣ ಬೇರೆ! ಉತ್ತರವನ್ನರಸುತ್ತ ಫಜಾನ್ಸರ ಜೀವನವನ್ನು ಓದಿದೆನು.

ಅವರು 1887ರಲ್ಲಿ ವಾರ್ಸಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಲೈಪ್‌ಜಿಗ್, ಹೈಡೆಲ್‌ಬರ್ಗ್‌ಗಳಲ್ಲಿ ವ್ಯಾಸಂಗ ಮಾಡಿ, ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಬಳಿ ದುಡಿದರು. 1913ರಲ್ಲಿ ವಿಕಿರಣಶೀಲ ಧಾತುಗಳ ಸ್ಥಾನಪಲ್ಲಟ ನಿಯಮವನ್ನು ಸಾಡಿಯವರಂತೆ ಇವರೂ ಕಂಡುಹಿಡಿದರು. ಮುಂದೆ ಸಾಡಿಯವರಿಗೆ ನೊಬೆಲ್ ಪಾರಿತೋಷಕ ದೊರೆಯಿತು, ಇವರಿಗೆ ದೊರೆಯಲಿಲ್ಲ.

1917ರಲ್ಲಿ ಮ್ಯೂನಿಕ್ ಸೇರಿದರು. ಅಲ್ಲಿದ್ದಾಗ, 1923ರಲ್ಲಿ, ಬಂಧಗಳ ಗುಟ್ಟನ್ನು ತಿಳಿಸಿದರು. ಧನ ಅಯಾನು ಚಿಕ್ಕದಾದಷ್ಟೂ, ಅದರ ಆವೇಶ ಹೆಚ್ಚಿದಷ್ಟೂ ಅದು ನೆರೆಯ ಋಣ ಅಯಾನಿನ ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುತ್ತದೆ. ಬಂಧವು ಸಹವೇಲೆನ್ಸಿಯ ಕಡೆಗೆ ವಾಲುತ್ತದೆ. ಮ್ಯಾಂಗನೀಸಿನ ವೇಲೆನ್ಸಿ ಎರಡರಿಂದ ಏಳಕ್ಕೇರಿದಾಗ ಆದದ್ದು ಇದೇ. ಎರಡು ಬಗೆಯ ಬಂಧಗಳ ನಡುವೆ ಗೋಡೆಯಿಲ್ಲ, ಇಳಿಜಾರಿದೆ.

ಆದರೆ ಮನುಷ್ಯರ ನಡುವೆ ನಾಜಿಗಳು ಗೋಡೆಯೆಬ್ಬಿಸಿದರು. 1935ರಲ್ಲಿ ಫಜಾನ್ಸರು ತಾವು ಬೆಳೆಸಿದ ಸಂಸ್ಥೆಯನ್ನೇ ತೊರೆಯಬೇಕಾಯಿತು. 1936ರಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿದರು. ಅಲ್ಲಿ ಅವರು ಮಂಡಿಸಿದ ಕ್ವಾಂಟಿಕ್ಯೂಲ್ ಸಿದ್ಧಾಂತವನ್ನು ವಿದ್ವಾಂಸರು ಹೆಚ್ಚಾಗಿ ಒಪ್ಪಲಿಲ್ಲ. 1975ರಲ್ಲಿ ಆನ್ ಆರ್ಬರ್ ನಗರದಲ್ಲಿ ಕಾಲವಾದರು.

ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದ ಆ ನಿಯಮವನ್ನು ಬರೆಯುವಾಗಲೆಲ್ಲ ಈಗ ನನಗೆ ನೆಲೆ ಕಳೆದುಕೊಂಡರೂ ದುಡಿಮೆಯನ್ನು ಬಿಡದ ಆ ಹಿರಿಯರ ನೆನಪಾಗುತ್ತದೆ.