ಊರುಗಳ ವೈದ್ಯ ಪ್ಯಾಟ್ರಿಕ್ ಗೆಡ್ಡೀಸ್

ಸ್ಕಾಟ್ಲೆಂಡಿನ ಬ್ಯಾಲೆಟರ್ ಎಂಬ ಊರಿನಲ್ಲಿ 1854ರಲ್ಲಿ ಪ್ಯಾಟ್ರಿಕ್ ಗೆಡ್ಡೀಸರು ಜನಿಸಿದರು. ಅವರ ಬಾಲ್ಯ ಕಳೆದುದು ಪರ್ತ್ ಪಟ್ಟಣದ ಬಳಿ, ಟೇ ನದಿಯ ಕಣಿವೆಗೆ ಎದುರಾದ ಬೆಟ್ಟದ ಮೇಲಿನ ಮನೆಯಲ್ಲಿ. ತಂದೆಯೊಡನೆ ತೋಟದಲ್ಲಿ ದುಡಿಯುತ್ತ, ಬೆಟ್ಟಗಳನ್ನು ಸುತ್ತುತ್ತ ಬೆಳೆದ ಹುಡುಗನಿಗೆ ಸಸ್ಯಗಳಲ್ಲಿ ಅಪಾರ ಪ್ರೀತಿ ಹುಟ್ಟಿತು. ಮುಂದೆ ಲಂಡನ್ನಿನಲ್ಲಿ ಪ್ರಸಿದ್ಧ ವಿಜ್ಞಾನಿ ಹಕ್ಸ್ಲಿಯವರ ಶಿಷ್ಯರಾಗಿ ಅವರು ಜೀವವಿಜ್ಞಾನವನ್ನು ಅಭ್ಯಾಸ ಮಾಡಿದರು.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಕಣ್ಣುಗಳ ಶಕ್ತಿ ಕುಂದಿತು. ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿರಬೇಕಾಯಿತು. ಆದರೂ ಅವರು ಎದೆಗುಂದಲಿಲ್ಲ. ಕಿಟಕಿಯ ಚೌಕಗಳನ್ನು ಕೈಯಿಂದ ಸವರುತ್ತ, ಒಂದೊಂದು ಚೌಕದಲ್ಲಿ ಒಂದೊಂದು ವಿಚಾರವನ್ನಿಟ್ಟು ಅವುಗಳ ಸಂಬಂಧವನ್ನು ಚಿಂತಿಸಿದರು. ದೃಷ್ಟಿ ಮರಳಿತು, ಆದರೆ ಸೂಕ್ಷ್ಮದರ್ಶಕದ ಮುಂದೆ ಬಹುಕಾಲ ಕುಳಿತು ದುಡಿಯುವುದು ಸಾಧ್ಯವಾಗಲಿಲ್ಲ. ಜೀವಿಗೂ ಅದರ ಪರಿಸರಕ್ಕೂ ಇರುವ ನಂಟನ್ನು ಅರಿತಿದ್ದ ಅವರ ಮನಸ್ಸು ಕ್ರಮೇಣ ಮನುಷ್ಯನ ಪರಿಸರವಾದ ಊರಿನ ಕಡೆಗೆ ತಿರುಗಿತು.

ಎಡಿನ್‌ಬರೋ ನಗರದ ಹಳೆಯ ಭಾಗ ಆಗ ಕೊಳಕು, ಕತ್ತಲೆ, ಕಾಯಿಲೆಗಳ ನೆಲೆಯಾಗಿತ್ತು. 1886ರಲ್ಲಿ ಆನಾ ಮಾರ್ಟನ್ನರನ್ನು ವಿವಾಹವಾದ ಗೆಡ್ಡೀಸರು ಪತ್ನಿಯೊಡನೆ ಅಲ್ಲಿಯೇ ಹೋಗಿ ನೆಲೆಸಿದರು. ನೆರೆಹೊರೆಯವರನ್ನು ಕೂಡಿಕೊಂಡು ಗೋಡೆಗಳಿಗೆ ಸುಣ್ಣ ಬಳಿದರು, ಹೂಗಿಡಗಳನ್ನು ನೆಟ್ಟರು. ತೀರ ಹಾಳಾದ ಕೆಲವು ಮನೆಗಳನ್ನು ಮಾತ್ರ ಕೆಡವಿ ಗಾಳಿ ಬೆಳಕುಗಳಿಗೆ ದಾರಿ ಮಾಡಿದರು. ಉಳಿದವನ್ನು ದುರಸ್ತಿ ಮಾಡಿಸಿದರು. ಬಡವರನ್ನು ಒಕ್ಕಲೆಬ್ಬಿಸದೆ ಊರನ್ನು ಗುಣಪಡಿಸುವ ಈ ಕ್ರಮವನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

1892ರಲ್ಲಿ ಅವರು ಅದೇ ನಗರದ ಒಂದು ಗೋಪುರವನ್ನು ಪಡೆದು ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದರು. ಅದರ ತುದಿಯಲ್ಲಿ ನಿಂತರೆ ನಗರವೂ ಅದರ ಸುತ್ತಲಿನ ಬೆಟ್ಟ, ಹೊಲ, ಕಡಲುಗಳೂ ಒಟ್ಟಿಗೆ ಕಾಣುತ್ತಿದ್ದವು. ಅವರು ಕಲಿಸಬಯಸಿದ ಪಾಠವೂ ಅದೇ. ಬೆಟ್ಟದಲ್ಲಿ ಗಣಿಗಾರ, ಕಾಡಿನಲ್ಲಿ ಮರ ಕಡಿಯುವವ, ಇಳಿಜಾರಿನಲ್ಲಿ ಕುರುಬ, ಬಯಲಿನಲ್ಲಿ ರೈತ, ಕಡಲ ದಂಡೆಯಲ್ಲಿ ಬೆಸ್ತ: ಹೀಗೆ ನೆಲದ ಗುಣಕ್ಕೆ ತಕ್ಕಂತೆ ಕಸುಬು, ಕಸುಬಿಗೆ ತಕ್ಕಂತೆ ಜನಜೀವನ. ಮೇಲಿನ ಕಾಡು ನಾಶವಾದರೆ ಕೆಳಗಿನ ಪಟ್ಟಣಕ್ಕೂ ಕೇಡು ತಪ್ಪದು. ಆದುದರಿಂದ ನಗರವನ್ನು ಬೆಳೆಸುವ ಮೊದಲು ಇಡೀ ನದೀಕಣಿವೆಯನ್ನು ಸಮೀಕ್ಷೆ ಮಾಡಬೇಕು. ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬುದನ್ನು ಆಮೇಲೆ ನಿರ್ಧರಿಸಬೇಕು ಎಂಬುದು ಅವರ ಸಿದ್ಧಾಂತ. 1915ರಲ್ಲಿ ಪ್ರಕಟವಾದ ಅವರ ಗ್ರಂಥವು, ಒಂದಕ್ಕೊಂದು ಅಂಟಿಕೊಂಡು ಹಳ್ಳಿಗಾಡನ್ನು ನುಂಗುತ್ತ ಬೆಳೆಯುವ ನಗರಗಳ ಅಪಾಯವನ್ನು ಲೋಕಕ್ಕೆ ತೋರಿಸಿಕೊಟ್ಟಿತು.

1914ರಲ್ಲಿ ಮದ್ರಾಸಿನ ಗವರ್ನರರ ಆಹ್ವಾನದ ಮೇರೆಗೆ ಅವರು ಭಾರತಕ್ಕೆ ಹೊರಟರು. ಹಲವು ವರ್ಷ ಶ್ರಮಿಸಿ ಕೂಡಿಸಿದ ನಕ್ಷೆ, ಚಿತ್ರಗಳು ಇನ್ನೊಂದು ಹಡಗಿನಲ್ಲಿ ಬರುತ್ತಿದ್ದವು. ಜರ್ಮನ್ ಯುದ್ಧನೌಕೆ ಎಮ್ಡೆನ್ ಆ ಹಡಗನ್ನು ಮುಳುಗಿಸಿತು. ಗೆಡ್ಡೀಸರು ಮಿತ್ರರ ನೆರವಿನಿಂದ ಹೊಸ ಚಿತ್ರಗಳನ್ನು ತರಿಸಿ 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನವನ್ನು ನಡೆಸಿಯೇ ತೀರಿದರು. ಅನಂತರ ಭಾರತದ ಅನೇಕ ಊರುಗಳಲ್ಲಿ ಕಾಲುನಡಿಗೆಯಿಂದ ಓಣಿ ಓಣಿಗಳನ್ನು ಸುತ್ತಿ ವರದಿಗಳನ್ನು ಬರೆದರು. ಸೊಳ್ಳೆಗಳ ಭಯದಿಂದ ಕೆರೆಗಳನ್ನು ಮುಚ್ಚಲು ಅಧಿಕಾರಿಗಳು ಹೊರಟಾಗ ಅವರು ವಿರೋಧಿಸಿದರು. ಕೆರೆಯನ್ನು ಶುಚಿಯಾಗಿಟ್ಟು ಮೀನು ಸಾಕಿದರೆ ಸೊಳ್ಳೆಯ ಮರಿಗಳು ಉಳಿಯಲಾರವು, ಕೆರೆ ಊರನ್ನು ತಂಪಾಗಿಡುತ್ತದೆ ಎಂದು ತಿಳಿಯಹೇಳಿದರು.

1917ರಲ್ಲಿ ಅವರ ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಭಾರತದಲ್ಲಿ ಜ್ವರದಿಂದ ಮಲಗಿದ್ದ ಪತ್ನಿಗೆ ಆ ಸುದ್ದಿಯನ್ನು ತಿಳಿಸುವ ಧೈರ್ಯ ಅವರಿಗಾಗಲಿಲ್ಲ. ಕೆಲವೇ ವಾರಗಳಲ್ಲಿ ಆಕೆಯೂ ತೀರಿಕೊಂಡರು. ಇಂಥ ದುಃಖದಲ್ಲಿಯೂ ಅವರು ಕೈಗೊಂಡ ಕಾರ್ಯವನ್ನು ನಿಲ್ಲಿಸಲಿಲ್ಲ.

ಇಂದೂರಿನಲ್ಲಿ ಆಗ ಪ್ಲೇಗಿನ ಹಾವಳಿ. ಜನರು ಮೊದಮೊದಲು ಈ ಪರಕೀಯನನ್ನು ಸಂಶಯದಿಂದ ಕಂಡರು. ಗೆಡ್ಡೀಸರು ದೀಪಾವಳಿಯ ಮೆರವಣಿಗೆಯು ಚೊಕ್ಕಟವಾದ ಬೀದಿಗಳಲ್ಲಿ ಮಾತ್ರ ಸಾಗುವುದೆಂದು ಸಾರಿಸಿದರು. ಕೂಡಲೆ ಊರಿಗೆ ಊರೇ ಪೊರಕೆ ಹಿಡಿಯಿತು. ಬಂಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಪ್ರತಿಮೆಯೂ ಇತ್ತು. ಊರಿನ ಜಾಡಮಾಲಿಗಳು ಹೂಮಾಲೆ ಧರಿಸಿ ಗೌರವದಿಂದ ನಡೆದರು. ಆಜ್ಞೆಯಿಂದ ಆಗದುದು ಹಬ್ಬದಿಂದ ಆಯಿತು.

1919ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. 1932ರಲ್ಲಿ ಫ್ರಾನ್ಸಿನ ಮಾಂಟ್‌ಪೆಲಿಯೆ ಎಂಬಲ್ಲಿ ನಿಧನರಾದರು. ಅವರ ವರದಿಗಳಲ್ಲಿ ಎಷ್ಟೋ ಕಾರ್ಯಗತವಾಗದೆ ಉಳಿದವು. ಆದರೆ ಊರು ಬೆಳೆಯಲಿ, ಅದನ್ನು ಹೊತ್ತ ನೆಲ, ನೀರು, ಕಾಡುಗಳೂ ಬಾಳಲಿ ಎಂಬ ಅವರ ವಿಚಾರ ಅಳಿಯಲಿಲ್ಲ. ಕೆರೆಗಳನ್ನು ಕಳೆದುಕೊಂಡ ಊರುಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಬಾಯಾರುವಾಗ ಅದರ ಬೆಲೆ ನಮಗೆ ತಿಳಿಯುತ್ತದೆ.