ಉಪಾಧ್ಯಾಯರಾಗಿದ್ದ ನಟ: ಅಲಾಸ್ಟೇರ್ ಸಿಮ್

ಶಾಲೆಯ ವಾರ್ಷಿಕ ಸಮ್ಮೇಳನಕ್ಕೆ ನಾಟಕವನ್ನು ಆರಿಸಿದೊಡನೆ ರಾಜನ ಪಾತ್ರಕ್ಕೆ ಹತ್ತು ಕೈಗಳು ಮೇಲೇಳುತ್ತವೆ; ದೂತನ ಪಾತ್ರಕ್ಕೆ ಒಂದೂ ಏಳುವುದಿಲ್ಲ. ಆದರೆ ದೂತನ ಪಾತ್ರದಿಂದಲೇ ರಂಗವನ್ನು ಪ್ರವೇಶಿಸಿ, ಕಥಾನಾಯಕನಿಗೆ ತಕ್ಕ ರೂಪವಿಲ್ಲದೆಯೂ ಬ್ರಿಟನ್ನಿನ ರಂಗಭೂಮಿಯಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಅಗ್ರಗಣ್ಯರೆನಿಸಿದ ಸ್ಕಾಟ್ಲೆಂಡಿನ ನಟರೊಬ್ಬರಿದ್ದರು. ಅವರೇ ಅಲಾಸ್ಟೇರ್ ಸಿಮ್. ಅವರ ಜೀವನವನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡಲು ನಾವು ಬಯಸುತ್ತೇವೆ.

ಸಿಮ್ ಅವರು ೧೯೦೦ನೆಯ ಇಸವಿ ಅಕ್ಟೋಬರ್ ೯ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ದರ್ಜಿಯ ವೃತ್ತಿಯವರು. ತಾಯಿ ಪಶ್ಚಿಮ ಸಮುದ್ರದ ಏಗ್ ಎಂಬ ಕಿರುದ್ವೀಪದವರು. ಅವರ ಮನೆಮಾತು ಗೇಲಿಕ್. ಹದಿಹರೆಯದಲ್ಲಿ ದ್ವೀಪವನ್ನು ಬಿಟ್ಟು ಬಂದಾಗ ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬೇರೆ ಮಾತಿನ ಊರಿಗೆ ಬಂದು ಸಂಸಾರ ಹೂಡಿದವರ ಬಾಳು ನಮಗೆ ಅಪರಿಚಿತವಲ್ಲ. ಅಂಥ ತಾಯಿಯ ಮಗನೇ ಮುಂದೆ ಇಂಗ್ಲಿಷ್ ಉಚ್ಚಾರಣೆಯನ್ನು ಇತರರಿಗೆ ಕಲಿಸುವ ಗುರುವಾದನೆಂಬುದು ನೆನಪಿಡತಕ್ಕ ಸಂಗತಿ.

ಆದರೆ ಆ ದಾರಿ ಸುಗಮವಾಗಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂದೆಯ ಅಂಗಡಿಯಲ್ಲಿ ಓಡಾಟದ ಕೆಲಸಕ್ಕೆ ನಿಂತರು. ಮುಂದೆ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರವನ್ನು ಓದತೊಡಗಿದರು; ೧೯೧೮ರಲ್ಲಿ ಸೈನಿಕ ಶಿಕ್ಷಣಕ್ಕೆ ಕರೆಬಂದು ಅದೂ ನಿಂತಿತು. ಯುದ್ಧವು ಮುಗಿದ ಮೇಲೆ ಓದಿಗೆ ಮರಳದೆ, ಒಂದು ವರ್ಷಕಾಲ ಬೆಟ್ಟಸೀಮೆಯಲ್ಲಿ ಕೂಲಿಕಾರರೊಡನೆ ಕಳೆದರು. ಅನಂತರ ಕಚೇರಿಯ ಚಾಕರಿ. ಈ ಅಲೆದಾಟದ ನಡುವೆ ಅವರನ್ನು ಹಿಡಿದು ನಿಲ್ಲಿಸಿದುದು ಕಾವ್ಯವಾಚನ. ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿ, ವಾಚನಕಲೆಯ ಉಪಾಧ್ಯಾಯರಾದರು. ೧೯೨೫ರಿಂದ ೧೯೩೦ರ ವರೆಗೆ ಎಡಿನ್‌ಬರೋದ ನ್ಯೂ ಕಾಲೇಜಿನಲ್ಲಿ, ಮುಂದೆ ಪಾದ್ರಿಗಳಾಗಲಿದ್ದ ತರುಣರಿಗೆ ಸ್ಪಷ್ಟವಾಗಿ ಮಾತನಾಡುವುದನ್ನು ಕಲಿಸಿದರು. ಮಕ್ಕಳಿಗಾಗಿ ನಾಟಕಶಾಲೆಯನ್ನೂ ನಡೆಸಿದರು.

೧೯೩೦ರಲ್ಲಿ ನೆಲೆಯಾದ ಉದ್ಯೋಗವನ್ನು ತೊರೆದು ಲಂಡನ್ನಿಗೆ ಹೋದರು. ಪಾಲ್ ರಾಬ್ಸನ್ ಅವರು ಒಥೆಲ್ಲೊ ಆಗಿದ್ದ ಪ್ರಯೋಗದಲ್ಲಿ ಇವರಿಗೆ ದೊರೆತುದು ದೂತನ ಪಾತ್ರ. ಅದನ್ನು ಕೀಳೆಂದೆಣಿಸಲಿಲ್ಲ. ಓಲ್ಡ್ ವಿಕ್ ರಂಗಮಂದಿರದಲ್ಲಿ ಪಳಗಿ, ೧೯೩೫ರಿಂದ ಚಲಚ್ಚಿತ್ರಗಳಲ್ಲಿಯೂ ಕಾಣಿಸಿಕೊಂಡರು. ಅಲ್ಲಿಂದ ಅವರು ಧರಿಸದ ವೇಷವಿಲ್ಲ. ೧೯೪೬ರ 'ಗ್ರೀನ್ ಫಾರ್ ಡೇಂಜರ್' ಚಿತ್ರದಲ್ಲಿ ಪತ್ತೇದಾರರು. 'ಪೀಟರ್ ಪ್ಯಾನ್' ನಾಟಕದಲ್ಲಿ ಕಡಲುಗಳ್ಳ. ೧೯೬೨ರಲ್ಲಿ ಶೇಕ್ಸ್‌ಪಿಯರನ ಪ್ರಾಸ್ಪೆರೊ, ೧೯೬೪ರಲ್ಲಿ ಶೈಲಾಕ್. ಇಳಿಬಿದ್ದ ಕಣ್ಣು, ಬೋಳುತಲೆ, ನೀಳಮುಖಗಳೇ ಅವರ ಬಂಡವಾಳ. ಆ ಒಂದೇ ಮುಖವು ನಗೆಯನ್ನೂ ಭಯವನ್ನೂ ಸಮನಾಗಿ ತರುತ್ತಿತ್ತು.

ಬಿಟ್ಟುಬಂದ ಶಾಲೆಯು ರಂಗದ ಮೇಲೂ ಅವರನ್ನು ಬಿಡಲಿಲ್ಲ. ೧೯೫೦ರಲ್ಲಿ ಜೇಮ್ಸ್ ಬ್ರೈಡಿಯವರ ನಾಟಕದಲ್ಲಿ ಹಳ್ಳಿಯ ಉಪಾಧ್ಯಾಯ ಗಿಲ್ಲಿಯಾದರು. ಅದೇ ವರ್ಷದ ಒಂದು ಚಿತ್ರದಲ್ಲಿ, ಸರ್ಕಾರದ ತಪ್ಪಿನಿಂದ ಹೆಣ್ಣುಮಕ್ಕಳ ಶಾಲೆಯೊಂದು ತನ್ನ ಶಾಲೆಗೇ ಬಂದಿಳಿದಾಗ ಕಂಗೆಡುವ ಮುಖ್ಯೋಪಾಧ್ಯಾಯರಾದರು. ೧೯೫೪ರಲ್ಲಿ ಸೀರೆಗೆ ಬದಲು ಗೌನು ತೊಟ್ಟು ತುಂಟ ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆದರು. ಆಕೆಯ ಸಹೋದರನ ಪಾತ್ರವೂ ಅವರದೇ!

ನಿಜವಾದ ಪಾಠವು ಮನೆಯಲ್ಲಿ ನಡೆಯಿತು. ೧೯೪೦ರಲ್ಲಿ, ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ, ಜಾರ್ಜ್ ಕೋಲ್ ಎಂಬ ಹದಿನೈದರ ಬಡ ಬಾಲನಟನಿಗೆ ಸಿಮ್ ದಂಪತಿಗಳು ಆಶ್ರಯವಿತ್ತರು. ಒರಟಾಗಿದ್ದ ಆತನ ಉಚ್ಚಾರಣೆಯನ್ನು ತಿದ್ದಿ, ಅಭಿನಯವನ್ನು ಕಲಿಸಿ, ಮಗನಂತೆ ಬೆಳೆಸಿದರು. ಡಿಕನ್ಸ್‌ನ ಕಥೆಯಿಂದ ತೆಗೆದ ೧೯೫೧ರ 'ಸ್ಕ್ರೂಜ್' ಚಿತ್ರದಲ್ಲಿ ಮುದಿ ಜಿಪುಣನಾಗಿ ಸಿಮ್, ಅದೇ ಜಿಪುಣನ ಯೌವನದ ರೂಪವಾಗಿ ಕೋಲ್ ನಟಿಸಿದರು. ಗುರುಶಿಷ್ಯರು ಒಂದೇ ವ್ಯಕ್ತಿಯಾಗಿ ನಿಂತ ಆ ಚಿತ್ರವೇ ಇಂದಿಗೂ ಸಿಮ್ ಅವರ ಕೀರ್ತಿಗೆ ಆಧಾರ.

೧೯೪೮ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅವರನ್ನು ರೆಕ್ಟರ್ ಪದವಿಗೆ ಚುನಾಯಿಸಿದರು. ಓದನ್ನು ಅರ್ಧಕ್ಕೆ ಬಿಟ್ಟವರಿಗೆ ಇದಕ್ಕಿಂತ ದೊಡ್ಡ ಮಾನವುಂಟೆ? ಮುಂದೆ ಬಂದ ಸರ್ ಬಿರುದನ್ನು ಅವರು ಸ್ವೀಕರಿಸಲಿಲ್ಲ. ಅಭಿಮಾನಿಗಳಿಗೆ ಹಸ್ತಾಕ್ಷರವನ್ನೂ ನೀಡುತ್ತಿರಲಿಲ್ಲ. ನಟನನ್ನು ಅಳೆಯಬೇಕಾದುದು ಅವನ ಕೆಲಸದಿಂದ ಎಂಬುದು ಅವರ ನಡತೆಯ ಅರ್ಥವೆಂದು ನಾವು ತಿಳಿಯುತ್ತೇವೆ.

೧೯೭೬ನೆಯ ಆಗಸ್ಟ್ ೧೯ರಂದು ಸಿಮ್ ಲಂಡನ್ನಿನಲ್ಲಿ ತೀರಿಕೊಂಡರು. ರೂಪವು ದೈವದತ್ತ, ಮಾತಾದರೋ ಸಾಧನೆಯಿಂದ ಬರುವಂಥದು. ಪ್ರತಿಯೊಂದು ಅಕ್ಷರಕ್ಕೂ ಅದರ ತೂಕವನ್ನು ಕೊಟ್ಟು ನುಡಿಯಬಲ್ಲವನಿಗೆ ಚಿಕ್ಕ ಪಾತ್ರವೆಂಬುದಿಲ್ಲ. ಪದ್ಯವನ್ನು ಗಟ್ಟಿಯಾಗಿ ಓದಲು ನಾಚುವ ನಮ್ಮ ಬಾಲಕ ಬಾಲಕಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ.