ತಪ್ಪು ಪೈಲಟ್‌ದಾ, ಲಿವರ್‌ದಾ? – ಪಾಲ್ ಫಿಟ್ಸ್

ಹೊಸ ಕಾರುಗಳಲ್ಲಿ ಕೂತರೆ ಎದುರಿಗೆ ದೊಡ್ಡದೊಂದು ಟಚ್‌ಸ್ಕ್ರೀನ್. ಎಸಿ, ಹಾಡು, ಮ್ಯಾಪ್ ಎಲ್ಲಾ ಅದರೊಳಗೇ. ಇದಕ್ಕೀಗ ಡಿಜಿಟಲ್ ಕಾಕ್‌ಪಿಟ್ ಅಂತ ಹೆಸರು. ಹೆಸರು ಬಂದಿದ್ದು ವಿಮಾನದಿಂದ. ವಿಮಾನದ ಕಾಕ್‌ಪಿಟ್ ಒಳಗೆ ಮನುಷ್ಯ ಯಾಕೆ ತಪ್ಪು ಮಾಡ್ತಾನೆ ಅಂತ ಕೂತು ಲೆಕ್ಕ ಹಾಕಿದವರು ಪಾಲ್ ಫಿಟ್ಸ್. ಯುಐ ಡಿಸೈನ್ ಓದಿದವರಿಗೆ ಫಿಟ್ಸ್ ನಿಯಮ ಗೊತ್ತಿರುತ್ತೆ. ಆದರೆ ನಮಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು ಅವರ 1947ರ ಕೆಲಸ.

ಫಿಟ್ಸ್ ಹುಟ್ಟಿದ್ದು 1912ರಲ್ಲಿ, ಅಮೆರಿಕದಲ್ಲಿ. ಎಂಜಿನಿಯರ್ ಅಲ್ಲ, ಮನಶ್ಶಾಸ್ತ್ರಜ್ಞ. 1938ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಸೇರಿ, ಯುದ್ಧ ಮುಗಿಯುವ ಹೊತ್ತಿಗೆ ಓಹಾಯೋದ ರೈಟ್ ಫೀಲ್ಡ್‌ನಲ್ಲಿ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಆಗ ಅಪಘಾತವಾದರೆ ಪೈಲಟ್ ಎರರ್ ಅಂತ ಬರೆದು ಫೈಲ್ ಮುಚ್ಚೋದು ಸುಲಭವಾಗಿತ್ತು. (ನಮ್ಮ ಪೇಪರ್‌ಗಳಲ್ಲಿ ಚಾಲಕನ ಅಜಾಗರೂಕತೆ ಅಂತ ಬರುತ್ತಲ್ಲ, ಹಾಗೇ.) ಫಿಟ್ಸ್ ಮತ್ತು ಸಹೋದ್ಯೋಗಿ ರಿಚರ್ಡ್ ಜೋನ್ಸ್ ಪೈಲಟ್‌ಗಳನ್ನೇ ಕೇಳಿ ಅಂಥ 460 ಪ್ರಸಂಗಗಳನ್ನು ಕಲೆಹಾಕಿದರು. ಅದರಲ್ಲಿ ಸುಮಾರು ಅರ್ಧದಷ್ಟು ಒಂದೇ ಜಾತಿಯವು: ಒಂದು ಕಂಟ್ರೋಲ್ ಹಿಡಿಯಲು ಹೋಗಿ ಇನ್ನೊಂದನ್ನು ಹಿಡಿದಿದ್ದು.

ಯಾಕೆ ಅಂತೀರಾ? ಬಿ-25 ವಿಮಾನದಲ್ಲಿ ಎಡದಿಂದ ಬಲಕ್ಕೆ ಥ್ರಾಟಲ್, ಪ್ರೊಪೆಲ್ಲರ್, ಮಿಕ್ಸ್ಚರ್ ಲಿವರ್‌ಗಳು. ಸಿ-47ರಲ್ಲಿ ಮೊದಲು ಪ್ರೊಪೆಲ್ಲರ್, ಆಮೇಲೆ ಥ್ರಾಟಲ್, ಕೊನೆಗೆ ಮಿಕ್ಸ್ಚರ್. ಸಿ-82ರಲ್ಲಿ ಮಿಕ್ಸ್ಚರ್ ಎಡತುದಿಗೆ! ಒಂದು ವಿಮಾನದಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ಅದೇ ಜಾಗಕ್ಕೆ ಹೋಗೋದು ಸಹಜ ಅಲ್ವಾ? ಹಾಗಾಗಿ ಪೈಲಟ್‌ಗೆ ಬೈಯೋ ಬದಲು ಲಿವರ್‌ಗಳನ್ನು ಎಲ್ಲ ವಿಮಾನಗಳಲ್ಲೂ ಒಂದೇ ಕ್ರಮದಲ್ಲಿ ಇಡಿ ಅನ್ನೋದು ಅವರ ವಾದ. ಮೀಟರ್ ಓದುವುದರಲ್ಲಾದ 270 ತಪ್ಪುಗಳನ್ನೂ ಹೀಗೇ ಜಾಲಾಡಿದರು. ಮೂರು ಮುಳ್ಳಿನ ಆಲ್ಟಿಮೀಟರ್ ನೋಡಿ ಎತ್ತರವನ್ನು ಸಾವಿರ ಅಡಿ ತಪ್ಪಾಗಿ ಓದಿದವರಿದ್ದರು. ನೆಲದ ಹತ್ತಿರ ಸಾವಿರ ಅಡಿ ಅಂದ್ರೆ ಜೀವ.

ಆಮೇಲೆ ಲ್ಯಾಂಡಿಂಗ್ ವೇಳೆ ಪೈಲಟ್‌ಗಳ ಕಣ್ಣನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದು, ಯಾವ ಮೀಟರ್ ಮೇಲೆ ಎಷ್ಟು ಸಲ, ಎಷ್ಟು ಹೊತ್ತು ನೋಟ ನಿಲ್ಲುತ್ತೆ ಅಂತ ಅವರ ತಂಡ ಲೆಕ್ಕ ಹಾಕಿತು. ಇವತ್ತು ಕಾರಿನ ಸ್ಕ್ರೀನ್ ಪರೀಕ್ಷೆ ಮಾಡೋದೂ ಇದೇ ದಾರಿಯಲ್ಲಿ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಒಂದು ನೋಟ 2 ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡ್. ಗಂಟೆಗೆ 60 ಕಿ.ಮೀ. ವೇಗದಲ್ಲಿ 2 ಸೆಕೆಂಡ್ ಅಂದ್ರೆ 33 ಮೀಟರ್, ನೀವೇ ಲೆಕ್ಕ ಹಾಕಿ.

1949ರಲ್ಲಿ ಫಿಟ್ಸ್ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಪ್ರಸಿದ್ಧ ನಿಯಮ ಬಂದಿದ್ದು 1954ರಲ್ಲಿ. ಪ್ರಯೋಗ ತೀರಾ ಸರಳ: ಎರಡು ಲೋಹದ ಪಟ್ಟಿ, ಕೈಯಲ್ಲೊಂದು ಕಡ್ಡಿ, ಅದನ್ನೂ ಇದನ್ನೂ ಬೇಗಬೇಗ ಮುಟ್ಟುತ್ತಾ ಹೋಗಬೇಕು. ಗುರಿ ಮುಟ್ಟೋ ಸಮಯ ದೂರ ಮತ್ತು ಅಗಲದ ಅನುಪಾತದ ಲಾಗರಿದಮ್‌ಗೆ ತಕ್ಕಂತೆ ಏರುತ್ತೆ. ಬಟನ್ ಅಗಲ ಅರ್ಧ ಮಾಡಿದರೂ, ದೂರ ಎರಡರಷ್ಟು ಮಾಡಿದರೂ ಕಷ್ಟ ಹೆಚ್ಚೋದು ಒಂದೇ ಬಿಟ್. ಕೈಯ ಚಲನೆಯನ್ನು ಶಾನನ್‌ನ ಮಾಹಿತಿ ಸಿದ್ಧಾಂತದ ಬಿಟ್‌ನಲ್ಲಿ ಅಳೆದಿದ್ದು ನಮಗಂತೂ ಸಖತ್ ಇಷ್ಟವಾಯ್ತು.

1958ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿದ ಫಿಟ್ಸ್, 1965ರ ಮೇ 2ರಂದು, 53 ತುಂಬಲು ನಾಲ್ಕೇ ದಿನ ಇರುವಾಗ ತೀರಿಕೊಂಡರು. 1978ರಲ್ಲಿ ಜೆರಾಕ್ಸ್ ಸಂಶೋಧಕರು ಕಂಪ್ಯೂಟರ್ ಮೌಸ್ ಎಷ್ಟು ಚೆನ್ನಾಗಿದೆ ಅಂತ ಅಳೆಯಲು ಬಳಸಿದ್ದು ಇದೇ ನಿಯಮವನ್ನು. ಕಾರಿನ ಸ್ಕ್ರೀನ್‌ಗಳು ಬಂದಿದ್ದು ಇನ್ನೂ ಆಮೇಲೆ. ಅಪ್‌ಡೇಟ್ ಆದ ಮಾರನೇ ದಿನ ಐಕಾನ್ ಜಾಗ ಬದಲಾಗಿದ್ದರೆ ಅದು ಬಿ-25ರಿಂದ ಸಿ-47ಕ್ಕೆ ಹತ್ತಿದ ಹಾಗೇ. ಯುರೋಪಿನ ಸುರಕ್ಷತಾ ರೇಟಿಂಗ್ ಕೊಡುವ ಯೂರೋ ಎನ್‌ಕ್ಯಾಪ್ ಈಗ 2026ರ ನಿಯಮಗಳಲ್ಲಿ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್‌ಗಳಿಗೆ ಮತ್ತೆ ಕೈಗೆ ಸಿಗುವ ಸ್ವಿಚ್ ಕೇಳುತ್ತಿದೆ.